ಚೈನ್‌ಗೆ ಯಾವ ಎಣ್ಣೆ? ಮೊದಲು ಗ್ರೀಸ್ ಡಬ್ಬಿ ಪಕ್ಕಕ್ಕಿಡಿ

ಪ್ರಶ್ನೆ: ನನ್ನದು 200 ಸಿಸಿ ಬೈಕ್. ರಾಜಾಜಿನಗರದಿಂದ ವೈಟ್‌ಫೀಲ್ಡ್‌ಗೆ ದಿನಾ ಓಡಾಟ, ಹೋಗಿ ಬರುವುದು ಸೇರಿ ಸುಮಾರು 50 ಕಿ.ಮೀ. ಮೆಕ್ಯಾನಿಕ್ ಪ್ರತಿ ಸರ್ವಿಸ್‌ಗೂ ಚೈನ್‌ಗೆ ಗ್ರೀಸ್ ಮೆತ್ತುತ್ತಾನೆ. ಆಫೀಸಿನ ಗೆಳೆಯ ಸ್ಪ್ರೇ ಲ್ಯೂಬೇ ಬೇಕು ಅನ್ನುತ್ತಾನೆ. ನಮ್ಮಪ್ಪ ಮಾತ್ರ 'ಹಳೆ ಇಂಜಿನ್ ಆಯಿಲ್ ಸಾಕು, ನನ್ನ ಯೆಜ್ಡಿಗೆ ಅದನ್ನೇ ಹಾಕ್ತಿದ್ದೆ' ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಗೆಳೆಯನ ಮಾತು ಅರ್ಧ ಸರಿ. ಉಳಿದ ಇಬ್ಬರದ್ದೂ ಬೇಡ.

ಅಪ್ಪನ ವಿಷಯ ಮೊದಲು ಮುಗಿಸೋಣ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಆ ಹಳೆ ಯೆಜ್ಡಿಯ ಚೈನ್ ಪೂರ್ತಿ ಕೇಸ್ ಒಳಗೆ ಅಡಗಿರುತ್ತಿತ್ತು, ಧೂಳು ನುಗ್ಗಲು ಜಾಗವೇ ಕಡಿಮೆ, ಹಾಗಾಗಿ ಏನು ಸುರಿದರೂ ನಡೆದುಹೋಗುತ್ತಿತ್ತು. ನಿಮ್ಮ ಚೈನ್ ಬೀದಿಗೆ ಬಾಯಿ ತೆರೆದುಕೊಂಡಿದೆ. ಇಂಜಿನ್‌ನಿಂದ ಇಳಿಸಿದ ಕಪ್ಪು ಆಯಿಲ್‌ನಲ್ಲಿ ಮಸಿ, ಸವೆದ ಲೋಹದ ಪುಡಿ ಎಲ್ಲ ಇರುತ್ತದೆ. ಅದನ್ನು ಚೈನ್‌ಗೆ ಹಾಕುವುದು ಕೊಳೆನೀರಲ್ಲಿ ಮುಖ ತೊಳೆದ ಹಾಗೆ.

ಗ್ರೀಸ್ ಕೆಟ್ಟದ್ದಲ್ಲ, ಹಾಕುವ ಜಾಗ ತಪ್ಪು. ಅದು ರೋಲರ್, ಅಂದರೆ ಚೈನ್ ಕೊಂಡಿಯಲ್ಲಿ ಉರುಳುವ ಸಣ್ಣ ಉರುಳೆಯ ಸಂದಿಗೆ ಇಳಿಯುವಷ್ಟು ತೆಳ್ಳಗಿಲ್ಲ, ಹೊರಗೇ ಕೂರುತ್ತದೆ. ಔಟರ್ ರಿಂಗ್ ರೋಡಿನಲ್ಲಿ ಮೆಟ್ರೊ ಕೆಲಸದ ಪಕ್ಕದಲ್ಲಿ ಒಂದು ವಾರ ಓಡಾಡಿ, ಆಮೇಲೆ ಆ ಗ್ರೀಸನ್ನು ಬೆರಳಲ್ಲಿ ಉಜ್ಜಿ ನೋಡಿ. ಕರಕರ ಅನ್ನುತ್ತದೆ. ಮರಳು, ಸಿಮೆಂಟು, ಗ್ರೀಸು ಮೂರೂ ಸೇರಿ ವಾಲ್ವ್ ಉಜ್ಜುವ ಪೇಸ್ಟ್ ಆಗಿರುತ್ತದೆ, ನಿಮ್ಮ ಸ್ಪ್ರಾಕೆಟ್, ಅಂದರೆ ಚೈನ್ ಕೂರುವ ಹಲ್ಲುಚಕ್ರದ ಹಲ್ಲನ್ನು ಅದೇ ತಿನ್ನುವುದು.

ಈಗ ಬೈಕ್ ಪಕ್ಕ ಕುಕ್ಕರಗಾಲಲ್ಲಿ ಕೂತು ಚೈನ್ ಸರಿಯಾಗಿ ನೋಡಿ. ಪಟ್ಟಿಗಳ ಸಂದಿಯಲ್ಲಿ ಸಣ್ಣ ಕಪ್ಪು ರಬ್ಬರ್ ಬಳೆ ಕಾಣುತ್ತದಾ? ಕಂಡರೆ ಅದು ಓ-ರಿಂಗ್ ಅಥವಾ ಎಕ್ಸ್-ರಿಂಗ್ ಚೈನ್. ಕೊಂಡಿಗಳನ್ನು ಜೋಡಿಸುವ ಪಿನ್‌ಗೆ ಬೇಕಾದ ಗ್ರೀಸನ್ನು ಕಂಪನಿಯವರೇ ಒಳಗೆ ತುಂಬಿ, ಹೊರಗೆ ಬರದ ಹಾಗೆ ಆ ರಬ್ಬರ್‌ನಿಂದ ಮುಚ್ಚಿರುತ್ತಾರೆ. ಹೊರಗಿನಿಂದ ನಾವು ಹಾಕುವ ಎಣ್ಣೆ ಅಲ್ಲಿಗೆ ಹೋಗುವುದೇ ಇಲ್ಲ! ಅದರ ಕೆಲಸ ರೋಲರ್ ಮತ್ತು ಹಲ್ಲಿನ ನಡುವಿನ ಉಜ್ಜಾಟ ತಗ್ಗಿಸುವುದು, ತುಕ್ಕು ತಡೆಯುವುದು, ರಬ್ಬರ್ ಒಣಗದಂತೆ ನೋಡಿಕೊಳ್ಳುವುದು, ಅಷ್ಟೇ. ಆದ್ದರಿಂದ ಜಾಸ್ತಿ ಹಾಕಿದರೆ ಜಾಸ್ತಿ ಬಾಳಿಕೆ ಅನ್ನುವುದು ಸುಳ್ಳು.

ನನ್ನ ಆಯ್ಕೆ ಕೇಳಿದರೆ, ದಿನದ ಓಡಾಟಕ್ಕೆ 90 ನಂಬರ್ ಗೇರ್ ಆಯಿಲ್. ಎಷ್ಟೋ ಬೈಕ್‌ಗಳ ಮ್ಯಾನ್ಯುಯಲ್‌ನಲ್ಲೂ ಎಸ್‌ಎಇ 90 ಅಂತಲೇ ಬರೆದಿರುತ್ತದೆ, ಆದರೆ ಮ್ಯಾನ್ಯುಯಲ್ ಓದುವವರು ಯಾರು ಹೇಳಿ. ಜೆ.ಸಿ. ರೋಡಿನ ಅಂಗಡಿಯಲ್ಲಿ '90 ಆಯಿಲ್ ಕೊಡಿ' ಅಂದರೆ ಸಾಕು. ಒಂದು ಸಲಕ್ಕೆ 30 ಎಂ.ಎಲ್. ದಾಟುವುದಿಲ್ಲ, ಹದಿನೈದು ದಿನಕ್ಕೊಮ್ಮೆ ಹಾಕಿದರೂ ಒಂದು ಲೀಟರ್ ವರ್ಷ ದಾಟುತ್ತದೆ. ಒಂದೇ ತೊಂದರೆ ಅಂದರೆ ಇದು ಸಿಡಿಯುತ್ತದೆ. ಒಮ್ಮೆ ಬೆಳಗಿನ ಜಾವ ನಂದಿ ಬೆಟ್ಟಕ್ಕೆ ಹೊರಡುವ ಅವಸರದಲ್ಲಿ ಆಯಿಲ್ ಸುರಿದು ಹಾಗೇ ಹೊರಟೆ. ದೇವನಹಳ್ಳಿ ತಲುಪುವಷ್ಟರಲ್ಲಿ ರಿಮ್, ನಂಬರ್ ಪ್ಲೇಟ್, ಹಿಂದೆ ಕೂತವನ ಹೊಸ ಪ್ಯಾಂಟ್ ಎಲ್ಲ ಚುಕ್ಕಿ ಚುಕ್ಕಿ. ಅವನು ಇವತ್ತಿಗೂ ಆ ಮಾತು ಎತ್ತುತ್ತಾನೆ. ಅಂದಿನಿಂದ ರಾತ್ರಿ ಮನೆಗೆ ಬಂದು ಚೈನ್ ಇನ್ನೂ ಬೆಚ್ಚಗಿರುವಾಗ ಹಾಕುತ್ತೇನೆ, ಬೆಳಗ್ಗೆ ಹಳೆ ಬನಿಯನ್ ಬಟ್ಟೆಯಲ್ಲಿ ಹೊರಗಿನದ್ದನ್ನೆಲ್ಲ ಒರೆಸಿಬಿಡುತ್ತೇನೆ.

ಈ ಒರೆಸುವ ತಾಪತ್ರಯ ಬೇಡ ಅನ್ನುವವರಿಗೆ ಸ್ಪ್ರೇ. ಕ್ಯಾನ್‌ನಿಂದ ನೀರಿನ ಹಾಗೆ ತೆಳ್ಳಗೆ ಬಂದು ಸಂದಿಗೆ ಇಳಿಯುತ್ತದೆ, ಆಮೇಲೆ ಅದರಲ್ಲಿನ ದ್ರಾವಕ ಆವಿಯಾಗಿ ಉಳಿದದ್ದು ಅಂಟಿಕೊಳ್ಳುತ್ತದೆ. ಹೊಡೆದ ಮೇಲೆ ಅರ್ಧ ಗಂಟೆಯಾದರೂ ಬಿಡಬೇಕು, ಇಲ್ಲದಿದ್ದರೆ ಇದೂ ಸಿಡಿಯುತ್ತದೆ. ಧೂಳಿನ ಊರಿಗೆ ವ್ಯಾಕ್ಸ್ ಮಾದರಿಯದು ಇನ್ನೂ ವಾಸಿ, ಒಣಗಿದ ಮೇಲೆ ಅಷ್ಟಾಗಿ ಅಂಟುವುದಿಲ್ಲ. ಯಾವ ಬ್ರ್ಯಾಂಡ್ ಆದರೂ ಸರಿ, ಕ್ಯಾನ್ ಮೇಲೆ ಓ-ರಿಂಗ್‌ಗೆ ಆಗುತ್ತದೆ ಅಂತ ಇರಬೇಕು.

ಹಾಕುವುದು ಚೈನ್‌ನ ಒಳಮೈಗೆ. ಚೈನ್ ತಿರುಗುವಾಗ ಎಣ್ಣೆ ತಾನಾಗೇ ಹೊರಕ್ಕೆ ತಳ್ಳಿಸಿಕೊಳ್ಳುತ್ತದೆ, ಹೊರಮೈಗೆ ಹೊಡೆದರೆ ನೇರ ರಸ್ತೆಗೆ. ಟಯರ್‌ಗೂ ಬ್ರೇಕ್ ಡಿಸ್ಕ್‌ಗೂ ಹನಿಯೂ ತಾಗಬಾರದು, ಹಿಂದೆ ಒಂದು ರಟ್ಟು ಹಿಡಿಯಿರಿ. ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಚಕ್ರವನ್ನು ಕೈಯಲ್ಲೇ ತಿರುಗಿಸಿ. ಇಂಜಿನ್ ಆನ್ ಮಾಡಿ ಗೇರ್ ಹಾಕಿ ತಿರುಗಿಸುವವರನ್ನು ನೋಡಿದರೆ ನನಗೆ ಎದೆ ಝಲ್ ಅನ್ನುತ್ತದೆ, ಬಟ್ಟೆ ಒಮ್ಮೆ ಸಿಕ್ಕಿಕೊಂಡರೆ ಬೆರಳು ಎಳೆದುಕೊಳ್ಳುವಷ್ಟರಲ್ಲಿ ಹೋಗಿರುತ್ತದೆ.

500 ಕಿ.ಮೀ.ಗೆ ಒಮ್ಮೆ ಅಂತ ಲೆಕ್ಕ ಇಟ್ಟುಕೊಳ್ಳಿ. ನಿಮಗೆ ಹತ್ತು ಕೆಲಸದ ದಿನ, ಅಂದರೆ ಒಂದು ಶನಿವಾರ ಬಿಟ್ಟು ಇನ್ನೊಂದು ಶನಿವಾರ. ಮಳೆಯಲ್ಲಿ ನೆಂದ ದಿನ ಆ ಲೆಕ್ಕ ಬಿಟ್ಟು, ಒರೆಸಿ ಹಾಕಿ. ತೊಳೆಯಲು ಸೀಮೆಎಣ್ಣೆ, ಮೆತ್ತನೆ ಬ್ರಷ್. ಸೀಮೆಎಣ್ಣೆ ಈಗ ಸಿಟಿಯಲ್ಲಿ ಸಿಗುವುದು ಕಷ್ಟ ಅಲ್ವಾ, ಹಾಗಾದರೆ ಚೈನ್ ಕ್ಲೀನರ್ ಸ್ಪ್ರೇ ತನ್ನಿ. ಪೆಟ್ರೋಲ್ ಮಾತ್ರ ಬೇಡವೇ ಬೇಡ, ರಬ್ಬರ್ ಹಾಳಾಗುತ್ತದೆ, ಬೆಂಕಿಯ ಭಯ ಬೇರೆ. ತಂತಿ ಬ್ರಷ್ ಕೂಡ ಬೇಡ. ವಾಟರ್ ವಾಶ್‌ನವರು ಪ್ರೆಷರ್ ಗನ್ನನ್ನು ಚೈನ್‌ಗೆ ಹತ್ತಿರದಿಂದ ಹಿಡಿಯಲು ಬಿಡಬೇಡಿ.

ಪ್ರಶ್ನೆ: ನನ್ನದು 100 ಸಿಸಿ ಬೈಕ್, ಚೈನ್ ಪೂರ್ತಿ ಕವರ್ ಒಳಗಿದೆ. ಸುಮ್ನೆ ಡಬ್ಲ್ಯುಡಿ-40 ಹೊಡೆದರೆ ಆಗುತ್ತದಾ?

ಉತ್ತರ: ಅದರ ಹೆಸರಲ್ಲೇ ಉತ್ತರ ಇದೆ, ಡಬ್ಲ್ಯುಡಿ ಅಂದರೆ ವಾಟರ್ ಡಿಸ್‌ಪ್ಲೇಸ್‌ಮೆಂಟ್, ನೀರು ಹೊರದೂಡುವುದು. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ನೀರನ್ನು ಹೊರದೂಡುವ ದ್ರವ ಮಾಡಲು ಹೋಗಿ, 40ನೇ ಪ್ರಯತ್ನದಲ್ಲಿ ಗೆದ್ದದ್ದಕ್ಕೆ ಆ ಹೆಸರು. ನೀಲಿ-ಹಳದಿ ಡಬ್ಬಿಯದು ಮಳೆಯಲ್ಲಿ ನೆಂದ ಚೈನ್‌ನ ನೀರು ಓಡಿಸಲು, ತುಕ್ಕು ಬಿಡಿಸಲು ಚೆನ್ನಾಗಿದೆ, ಆದರೆ ಉಳಿಯುವ ಪದರ ತೀರಾ ತೆಳು. ಅದನ್ನು ಹೊಡೆದು, ಒರೆಸಿ, ಮೇಲೆ 90 ಆಯಿಲ್ ಹಾಕಿ. ಕವರ್‌ನಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ರಬ್ಬರ್ ಬಿರಡೆ ಇರುತ್ತದೆ. ಅದನ್ನು ತೆಗೆದು, ಚಕ್ರ ತಿರುಗಿಸುತ್ತಾ ಹನಿ ಹನಿ ಬಿಟ್ಟರೆ ಆಯಿತು.

ಪ್ರಶ್ನೆ: ಹೊಸ ಲ್ಯೂಬ್ ಹಾಕಿದ ಮರುದಿನವೇ ಮತ್ತೆ ಕಟಕಟ ಸದ್ದು. ಲ್ಯೂಬ್ ಡೂಪ್ಲಿಕೇಟ್ ಇರಬಹುದಾ?

ಉತ್ತರ: ಇರಬಹುದು, ಆದರೆ ಮೊದಲು ಚೈನನ್ನು ಅನುಮಾನಿಸಿ. ಹಿಂದಿನ ಸ್ಪ್ರಾಕೆಟ್‌ನ ಹಿಂಬದಿಯಲ್ಲಿ ಚೈನ್ ಹಿಡಿದು ಹಿಂದಕ್ಕೆ ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಮೇಲೆದ್ದರೆ ಅದರ ಕಥೆ ಮುಗಿದಿದೆ, ಯಾವ ಎಣ್ಣೆಯೂ ಅದನ್ನು ಉಳಿಸುವುದಿಲ್ಲ. ಆಗ ಚೈನ್ ಒಂದನ್ನೇ ಬದಲಿಸಬೇಡಿ, ಎರಡೂ ಸ್ಪ್ರಾಕೆಟ್ ಸೇರಿದ ಸೆಟ್ಟೇ ಹಾಕಿಸಿ. ಏಳಲಿಲ್ಲ ಅಂದರೆ ಸಡಿಲ ಎಷ್ಟಿದೆ ನೋಡಿ, ಅಳತೆ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ಕೆಲವು ಬೈಕ್‌ಗಳಲ್ಲಿ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಮೇಲೆ ಸ್ಟಿಕರ್ ಕೂಡ. ನಾಲ್ಕೈದು ಕಡೆ ಅಳೆಯಿರಿ, ಚೈನ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ.