ಪ್ಲೇಆಫ್‌ಗೆ ಮುಂಚೆ ಗೋಲ್‌ಕೀಪರ್‌ಗೆ ಎಷ್ಟು ವಿಶ್ರಾಂತಿ ಕೊಡಬೇಕು?

ಪ್ರಶ್ನೆ: ನಾವಿರುವುದು ಕೆನಡಾದ ವಿನಿಪೆಗ್‌ನಲ್ಲಿ. ಮನೆಯವರೆಲ್ಲ ಜೆಟ್ಸ್ ಐಸ್ ಹಾಕಿ ತಂಡದ ಅಭಿಮಾನಿಗಳು. 2024–25ರಲ್ಲಿ ಗೋಲ್‌ಕೀಪರ್ ಕಾನರ್ ಹೆಲ್ಲೆಬಕ್ ಲೀಗ್‌ನ 82 ಪಂದ್ಯಗಳಲ್ಲಿ 63 ಆಡಿದರು, ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿಯನ್ನೂ ಗೆದ್ದರು. ಆದರೆ ಲೀಗ್ ಪಂದ್ಯಗಳು ಮುಗಿದ ಮೇಲೆ ಸ್ಟ್ಯಾನ್ಲಿ ಕಪ್‌ಗಾಗಿ ನಡೆಯುವ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ, ಎದುರಾಳಿಯ ಊರಾದ ಸೇಂಟ್ ಲೂಯಿಸ್‌ನಲ್ಲಿ ಮೂರು ಸಲ ಅವರನ್ನು ಪಂದ್ಯದ ಮಧ್ಯೆ ಹೊರಗೆ ಕರೆಸಬೇಕಾಯಿತು. ಜಾಸ್ತಿ ಆಡಿಸಿದ್ದೇ ತಪ್ಪಾಯಿತಾ ಸರ್? ಕೊನೆಯ ಎರಡು ವಾರ ಕೂರಿಸಬಹುದಿತ್ತಲ್ವಾ?

ಉತ್ತರ: ಸುಸ್ತೊಂದೇ ಕಾರಣ ಅನ್ನುವುದಕ್ಕೆ ನನಗೆ ಧೈರ್ಯವಿಲ್ಲ. ಅದೇ ಸರಣಿಯಲ್ಲಿ ನಿಮ್ಮೂರಲ್ಲಿ ಆಡಿದ ನಾಲ್ಕೂ ಪಂದ್ಯಗಳನ್ನು ಜೆಟ್ಸ್ ಗೆದ್ದಿತ್ತು. ದಣಿದ ಮೈ ಊರು ನೋಡಿ ದಣಿಯುತ್ತದಾ?

ಆದರೂ 63 ಜಾಸ್ತಿಯೇ. ಫೆಬ್ರವರಿಯಲ್ಲಿ ಅಮೆರಿಕ ತಂಡಕ್ಕೆ ಆಡಿದ್ದು ಈ ಲೆಕ್ಕದಲ್ಲಿಲ್ಲ. 2006–07ರಲ್ಲಿ ನ್ಯೂಜೆರ್ಸಿಯ ಮಾರ್ಟಿನ್ ಬ್ರೊಡೂರ್ 78 ಪಂದ್ಯ ಆಡಿ 48 ಗೆದ್ದರು. ತಂಡ ಎರಡನೇ ಸುತ್ತಿಗೇ ಮನೆಗೆ ಹೋಯಿತು. 2023–24ರಲ್ಲಿ ಫ್ಲಾರಿಡಾದವರು ಬಾಬ್ರೋವ್‌ಸ್ಕಿಗೆ 58, ಬ್ಯಾಕಪ್ (ಎರಡನೇ ಗೋಲ್‌ಕೀಪರ್) ಸ್ಟೋಲಾರ್ಜ್‌ಗೆ 27 ಪಂದ್ಯ ಕೊಟ್ಟು ಕಪ್ ಎತ್ತಿದರು. ಹಾಗಂತ ಇದನ್ನೇ ನಿಯಮ ಮಾಡಿಕೊಳ್ಳಬೇಡಿ. 2012ರಲ್ಲಿ ಲಾಸ್ ಏಂಜಲೀಸ್‌ನ ಜೊನಾಥನ್ ಕ್ವಿಕ್ 69 ಪಂದ್ಯ ಆಡಿಯೂ ಕಪ್ ಗೆದ್ದರು.

ಕೊನೆಯ ಎರಡು ವಾರ ಪೂರ್ತಿ ಕೂರಿಸುವುದು ನನಗೆ ಒಪ್ಪಿಗೆಯಿಲ್ಲ. ಕಣ್ಣೆದುರು ನಾಲ್ಕು ಜನ ಅಡ್ಡ ನಿಂತಾಗ ಅವರ ಕಾಲ ಸಂದಿಯಲ್ಲಿ ಪಕ್ (ಆಟದ ರಬ್ಬರ್ ಬಿಲ್ಲೆ) ಹುಡುಕುವ ಅಭ್ಯಾಸ ಪಂದ್ಯದಲ್ಲೇ ಬರಬೇಕು. ಕೋಚ್ ಹೊಡೆಯುವ ಶಾಟ್‌ಗಳಿಂದ ಅದು ಬರುವುದಿಲ್ಲ. ವಿಶ್ರಾಂತಿಯನ್ನು ಜನವರಿಯಿಂದಲೇ ಹಂಚಬೇಕು. ಸತತ ಎರಡು ರಾತ್ರಿ ಪಂದ್ಯವಿದ್ದರೆ ಒಂದು ಬ್ಯಾಕಪ್‌ಗೆ, ಎದುರಾಳಿ ಯಾರೇ ಇರಲಿ. ಏಪ್ರಿಲ್‌ನಲ್ಲಿ ಬೇಕಾದರೆ ಒಂದೆರಡು ಪಂದ್ಯ ಬಿಡಿಸಿ, ಮೊದಲ ಸುತ್ತಿಗೆ ಮುಂಚೆ ಮತ್ತೆ ಪೂರ್ತಿ ಒಂದು ಪಂದ್ಯ ಆಡಿಸಿದರೆ ಸಾಕು.

ಜನ ಮರೆಯುವುದು ಪ್ರಾಕ್ಟೀಸನ್ನು. ಗೋಲ್‌ಕೀಪರ್ ಪ್ರತಿ ಶಾಟ್‌ಗೂ ಎರಡೂ ಮಂಡಿ ಐಸ್‌ಗೆ ಬಡಿದು, ಕಾಲು ಅಗಲಿಸಿ ಕೂತು, ಸ್ಕೇಟಿನ ಒಳ ಅಂಚು ಒತ್ತಿ ಮತ್ತೆ ಏಳುತ್ತಾರೆ. ಪಕ್ ಆಚೆ ಹೋದರೂ ಸೊಂಟದ ಕೀಲು, ತೊಡೆಸಂದಿಗೆ ಕೆಲಸ ತಪ್ಪಿದ್ದಲ್ಲ. ಪಂದ್ಯದ ಬೆಳಗ್ಗೆ ಫಾರ್ವರ್ಡ್‌ಗಳು ಸಾಲಾಗಿ ಬಂದು ಹೊಡೆಯುವ ಶಾಟ್‌ಗಳಿಂದ ಲಾಭ ಅವರಿಗೆ, ಗೋಲ್‌ಕೀಪರ್‌ಗೇನೂ ಇಲ್ಲ. ಅಲ್ಲಿ ಬ್ಯಾಕಪ್ ನಿಲ್ಲಲಿ. ನನ್ನನ್ನು ಕೇಳಿದರೆ, ಪಂದ್ಯ ಬಿಡಿಸುವುದಕ್ಕಿಂತ ಮೊದಲು ಇದನ್ನು ಕಡಿಮೆ ಮಾಡಬೇಕು.

ಪ್ಲೇಆಫ್‌ನಲ್ಲಿ ಪಂದ್ಯ ಸಮವಾದರೆ ಗೋಲು ಬೀಳುವ ತನಕ ಓವರ್‌ಟೈಮ್ (ಹೆಚ್ಚುವರಿ ಅವಧಿ) ನಡೆಯುತ್ತಲೇ ಇರುತ್ತದೆ. 2020ರಲ್ಲಿ ಕೊಲಂಬಸ್‌ನ ಯೋನಸ್ ಕೊರ್ಪಿಸಾಲೊ ಐದು ಓವರ್‌ಟೈಮ್ ಆಡಿ, 85 ಸೇವ್ ಮಾಡಿಯೂ, ಅಂದರೆ ಅಷ್ಟು ಶಾಟ್ ತಡೆದೂ, ಸೋತರು. ಕಾಲಲ್ಲಿ ಕಸುವು ಉಳಿದಿರಬೇಕಾದದ್ದು ಅಂಥ ರಾತ್ರಿಗೆ.

ಟಿವಿ ನೋಡುವಾಗ ನೀವೂ ಗಮನಿಸಬಹುದು. ಮೊದಲ ಸೇವ್ ಆದ ಮೇಲೆ ಗೋಲ್‌ಕೀಪರ್ ಏಳುವುದು ತಡವಾಗುತ್ತಿದೆಯಾ? ಗ್ಲವ್ ಕೈ ಇಳಿದಿದೆಯಾ? ಗೋಲಿನಿಂದ ಮುಂದೆ ಬಂದು ನಿಲ್ಲುತ್ತಿದ್ದ ಗೋಲ್‌ಕೀಪರ್ ಈಗ ಗೋಲಿನೊಳಕ್ಕೆ ಹಿಂದೆ ಸರಿದಿದ್ದಾರಾ? ಮೂರೂ ಒಟ್ಟಿಗೆ ಕಂಡರೆ, ಅವರು ಗೆಲ್ಲುತ್ತಿದ್ದರೂ ಮುಂದಿನ ಪಂದ್ಯ ಬ್ಯಾಕಪ್‌ಗೆ ಕೊಡುವುದು ಒಳ್ಳೆಯದು.