ಇಟಲಿಯ ಸಾವಯವ ಬಿಳಿ ವೈನ್ ಅಂದರೆ ಬಳ್ಳಿಗೆ ಏನೂ ಹೊಡೆಯದೆ ಬೆಳೆದದ್ದು ತಾನೆ? ವೆರೋನಾದಿಂದ ಯಾವ ಬ್ರ್ಯಾಂಡ್ ತರಲಿ?

ಅಲ್ಲ. ಇದನ್ನೇ ನಂಬಿಕೊಂಡು ಹೋಗಿ, ಒಬ್ಬ ಅಜ್ಜನ ಮನೆಯಂಗಳದಲ್ಲಿ ಮರ್ಯಾದೆ ಕಳೆದುಕೊಂಡು ಬಂದವನು ನಾನು.

2019ರಲ್ಲಿ ಕೆಲಸದ ಮೇಲೆ ವೆರೋನಾದಲ್ಲಿದ್ದೆ. ಜೂನ್‌ನ ಒಂದು ಭಾನುವಾರ ಸಹೋದ್ಯೋಗಿಯೊಬ್ಬ ತನ್ನ ಸೋದರಮಾವನ, ಅಂದರೆ ಆ ಅಜ್ಜನ, ದ್ರಾಕ್ಷಿ ತೋಟಕ್ಕೆ ಕರೆದುಕೊಂಡು ಹೋದ. ಊರು ಮೊಂತೆಫೋರ್ತೆ ದಾಲ್ಪೋನೆ, ಸೊವಾವೆ ಕೋಟೆಯ ಪಕ್ಕದ್ದು. ಅಲ್ಲಿನ ಬಿಳಿ ವೈನ್‌ಗೂ ಸೊವಾವೆ ಅಂತಲೇ ಹೆಸರು. ಕಾಲಡಿ ಕಪ್ಪು ಕಲ್ಲು, ಯಾವ ಕಾಲದಲ್ಲೋ ಜ್ವಾಲಾಮುಖಿ ಉಗುಳಿದ ಬಸಾಲ್ಟ್. ತಲೆಯ ಮೇಲೆ ಗಾರ್ಗನೇಗಾ ಅನ್ನುವ ಬಿಳಿ ದ್ರಾಕ್ಷಿಯ ಬಳ್ಳಿ, ಥೇಟ್ ನಮ್ಮ ಹಾಗಲಕಾಯಿ ಚಪ್ಪರ. ಅಂಗಳದಲ್ಲಿ ಒಂದು ಗ್ಲಾಸ್ ಕೊಟ್ಟರು. ಮೊದಲು ನಿಂಬೆ, ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಬಾದಾಮಿ ಸಿಪ್ಪೆಯ ಸಣ್ಣ ಕಹಿ. ನನಗೆಂದೇ ಆರು ಬಾಟಲಿ ತೆಗೆದಿಟ್ಟಿದ್ದರು, ಹಿಂದೆ ಹಸಿರು ಎಲೆಯ ಮುದ್ರೆ, ಯುರೋಪಿನ ಸಾವಯವ ಗುರುತು. ಸೆಪ್ಟೆಂಬರ್ ಕೊನೆಗೆ ಕೊಯ್ಲಿಗೂ ಬಾ ಅಂದಿದ್ದರು.

ಆಮೇಲೆ ನನ್ನ ಕಣ್ಣು ಎಲೆಗಳ ಮೇಲೆ ಬಿತ್ತು. ನೀಲಿ ಕಲೆ. ಮೂಲೆಯಲ್ಲಿದ್ದ ಡ್ರಮ್ಮಿನ ಕಂಠಕ್ಕೂ ನೀಲಿ ಹೆಕ್ಕಳೆ. ನನ್ನ ಹರುಕು ಇಟಾಲಿಯನ್‌ನಲ್ಲಿ "ನೋನ್ ಬಿಯೋ!" ಅಂದುಬಿಟ್ಟೆ, ಇದು ಸಾವಯವ ಅಲ್ಲ ಅಂತ. ಅಜ್ಜ ನನ್ನನ್ನು ನೋಡಿದರು, ಡ್ರಮ್ ನೋಡಿದರು, ಬಾಟಲಿಗಳ ಡಬ್ಬ ಎತ್ತಿಕೊಂಡು ಒಳಗೆ ಹೋದರು. ವಾಪಸ್ ಬರುವಾಗ ಕಾರಿನಲ್ಲಿ ಮಾತಿಲ್ಲ. ಕೊಯ್ಲಿಗೆ ಮತ್ತೆ ಯಾರೂ ಕರೆಯಲಿಲ್ಲ.

ಈಗ ಕೇಳಿ. ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರನ ಮಗ. ಮಳೆಗಾಲ ಬಂತೆಂದರೆ ಅಪ್ಪ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಕಲಸುತ್ತಾರೆ. ಕತ್ತಿಯ ಅಲಗು ಅದ್ದಿ ತೆಗೆದು ನೋಡುವುದು ನನ್ನ ಕೆಲಸ. ಅಲಗು ಕೆಂಪಗಾದರೆ ಸುಣ್ಣ ಸಾಲದು ಅಂತ ಲೆಕ್ಕ. ಈ ಬೋರ್ಡೋ ದ್ರಾವಣದಲ್ಲಿ ಅಂಗಿ, ಉಗುರು ಎಲ್ಲ ನೀಲಿ ಮಾಡಿಕೊಂಡು ಬೆಳೆದವನಿಗೆ ಆ ಎಲೆ ನೋಡಿ ಗುರುತು ಸಿಗಲಿಲ್ಲ ಅಂದರೆ ಏನು ಹೇಳೋಣ! ಅದು ಹುಟ್ಟಿದ್ದೇ 1880ರ ದಶಕದಲ್ಲಿ, ಫ್ರಾನ್ಸಿನ ದ್ರಾಕ್ಷಿ ಬಳ್ಳಿಗಾಗಿ. ಅಲ್ಲಿಂದ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಕೋಲ್ಮನ್ ಸಾಹೇಬರ ಕಾಲದಲ್ಲಿ ನಮ್ಮ ಅಡಿಕೆಯ ಕೊಳೆರೋಗಕ್ಕೆ ಬಂತು. ಅಜ್ಜ ಹೊಡೆದದ್ದು ಪೆರೊನೊಸ್ಪೊರಾಕ್ಕೆ, ದ್ರಾಕ್ಷಿಗೆ ಬರುವ ಬೂಜು ರೋಗಕ್ಕೆ. ಅದೂ ನಮ್ಮ ಕೊಳೆಯೂ ಹತ್ತಿರದ ನೆಂಟರು. ಯುರೋಪಿನ ಸಾವಯವ ನಿಯಮ ತಾಮ್ರಕ್ಕೆ ಒಪ್ಪುತ್ತದೆ, ಹೆಕ್ಟೇರಿಗೆ 7 ವರ್ಷದಲ್ಲಿ 28 ಕೆಜಿ ದಾಟಬಾರದು ಅಷ್ಟೆ. ಕೂಡದ್ದು ಕಾರ್ಖಾನೆಯ ಶಿಲೀಂಧ್ರನಾಶಕ, ಕಳೆನಾಶಕ, ರಾಸಾಯನಿಕ ಗೊಬ್ಬರ. ಅವನ್ನು ಬಿಟ್ಟು ಮೂರು ವರ್ಷ ಕಳೆದ ಮೇಲೇ ತೋಟಕ್ಕೆ ಆ ಮುದ್ರೆ. ಇಷ್ಟು ತಿಳಿದದ್ದು ಎರಡು ತಿಂಗಳ ನಂತರ. "ಇದೇನು?" ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಹಟಕ್ಕೆ ಸೂಪರ್‌ಮಾರ್ಕೆಟ್ಟಿನಿಂದ ಅದೇ ಎಲೆ ಮುದ್ರೆಯ ಅಗ್ಗದ ಸೊವಾವೆ ತಂದೆ. ನೀರು ನೀರು.

ಹಾಗಾಗಿ ಬ್ರ್ಯಾಂಡ್ ಕೇಳಬೇಡಿ, ಗುಡ್ಡ ಕೇಳಿ. ಲೇಬಲ್ಲಿನಲ್ಲಿ "ಸೊವಾವೆ ಕ್ಲಾಸಿಕೋ" ಅಂತಿದ್ದರೆ ಸೊವಾವೆ, ಮೊಂತೆಫೋರ್ತೆಯ ಹಳೆಯ ಗುಡ್ಡಗಳದ್ದು. ಬರೀ ಸೊವಾವೆ ಅಂತಿದ್ದರೆ ಬಯಲಿನ ದ್ರಾಕ್ಷಿಯೂ ಇರಬಹುದು. ಹಸಿರು ಎಲೆ ಬೆಳೆದ ರೀತಿ ಹೇಳುತ್ತದೆ, ಬೆಳೆದ ಜಾಗ ಹೇಳುವುದಿಲ್ಲ. ಸಾವಯವದಲ್ಲಿ ಸಲ್ಫೈಟ್ (ವೈನ್ ಕೆಡದಂತೆ ಹಾಕುವ ಗಂಧಕದ ಪದಾರ್ಥ) ಇರಲ್ಲ, ಕುಡಿದರೆ ತಲೆನೋವು ಬರಲ್ಲ ಅನ್ನುವವರ ಮಾತೂ ಬೇಡ. 2012ರ ಕೊಯ್ಲಿನಿಂದ ವೈನ್ ಮಾಡುವ ಹಂತಕ್ಕೂ ನಿಯಮ ಬಂದಿದೆ ನಿಜ, ಆದರೆ ಸಿಹಿಯಿಲ್ಲದ ಬಿಳಿ ವೈನ್‌ನಲ್ಲಿ ಲೀಟರಿಗೆ 150 ಮಿಲಿಗ್ರಾಂ ತನಕ ಸಲ್ಫೈಟ್ ಇರಬಹುದು. ಸಾಮಾನ್ಯ ವೈನ್‌ಗೆ 200. ಹಿಂದೆ "ಕೊಂತಿಯೇನೆ ಸೊಲ್ಫೀತಿ", ಸಲ್ಫೈಟ್ ಇದೆ ಅಂತ ಬರೆದೇ ಇರುತ್ತಾರೆ. ಎರಡು ಬಾಟಲಿ ತನ್ನಿ ಸಾಕು. ಸುಂಕವಿಲ್ಲದೆ ತರಬಹುದಾದದ್ದು 2 ಲೀಟರ್, ಮೂರನೆಯದು ಅದನ್ನು ದಾಟುತ್ತದೆ.

ಅಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅವರು ಬೈಯಲಿಲ್ಲ. "ಔಷಧಿ ಎಲೆಗೆ ಅಂಟೋಕೆ ಏನು ಹಾಕ್ತಾರಂತೆ, ರಾಳವಾ? ಕೇಳಿದ್ಯನಾ?" ಅಂದರು. ಕೇಳಿರಲಿಲ್ಲ. ನೀವು ತೋಟದ ಕಡೆ ಹೋದರೆ ಕೇಳಿಕೊಂಡು ಬನ್ನಿ, ಅಪ್ಪ ಈಗಲೂ ಕೇಳುತ್ತಿರುತ್ತಾರೆ.