ಕಿಟ್‌ನಲ್ಲಿ ಕ್ಲೋರಿನ್ ಇದೆ, ನೀರು ಮಾತ್ರ ಹಸಿರು

ಮಳೆ ಶುರುವಾದರೆ ಸಾಕು, ಈಜುಕೊಳದ ಹಸಿರು ನೀರಿನ ಫೋಟೊಗಳು ಬರತೊಡಗುತ್ತವೆ. ಜೊತೆಗೆ ಒಂದೇ ಸಾಲು: "ಏನು ಹಾಕಲಿ?" ಎಷ್ಟು ಲೀಟರಿನ ಪೂಲ್, ಇಷ್ಟು ದಿನ ಏನು ಹಾಕಿದ್ದೀರಿ ಅಂತ ಹೇಳುವವರೇ ಕಡಿಮೆ. ಈ ಸಲ ಒಬ್ಬರು ಎಲ್ಲವನ್ನೂ ಬರೆದಿದ್ದಾರೆ. ಹಾಗಾಗಿ ಹೆಚ್ಚಿನ ಜಾಗ ಅವರಿಗೇ.

ದೇವನಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ 60,000 ಲೀಟರಿನ ಪೂಲ್ ಇದೆ. ಒಂದು ವರ್ಷದಿಂದ ಕ್ಲೋರಿನ್ ಮಾತ್ರೆಗಳನ್ನೇ ಹಾಕುತ್ತಿದ್ದೇವೆ. ನೀರು ಅಳೆಯುವ ಕಿಟ್‌ನಲ್ಲಿ ಕ್ಲೋರಿನ್ 3 ಬರುತ್ತದೆ. ಆದರೂ ನೀರು ಹಸಿರು. ಮಾತ್ರೆ ಡಬಲ್ ಮಾಡಿ ಅನ್ನುತ್ತಾರೆ ಅಂಗಡಿಯವರು. ಮಾಡಲೇ?

ಬೇಡ. ಈ ಸಲಹೆ ಕೇಳಿ ಕೇಳಿ ನನಗೆ ಸಾಕಾಗಿದೆ.

ನಿಮ್ಮ ಮಾತ್ರೆ ಟಿಸಿಸಿಎ 90. ಅದರಲ್ಲಿ ಕ್ಲೋರಿನ್ ಒಂದೇ ಇರುವುದಿಲ್ಲ, ಸಯನ್ಯುರಿಕ್ ಆ್ಯಸಿಡ್ ಕೂಡ ಇದೆ. ಇದನ್ನೇ ಸ್ಟೆಬಿಲೈಸರ್ ಅನ್ನುತ್ತಾರೆ. ಕ್ಲೋರಿನ್ ಬಿಸಿಲಿಗೆ ಬೇಗ ಹಾಳಾಗದಂತೆ ಇದು ಕಾಯುತ್ತದೆ. 30ರಿಂದ 50 ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ) ಇದ್ದರೆ ಒಳ್ಳೆಯದೇ. ತೊಂದರೆ ಏನೆಂದರೆ ಕ್ಲೋರಿನ್ ದಿನವೂ ಖರ್ಚಾಗುತ್ತದೆ, ಸ್ಟೆಬಿಲೈಸರ್ ಹಾಗೇ ಉಳಿಯುತ್ತದೆ. ನೀರು ಆವಿಯಾದರೂ ಅದು ಹೋಗುವುದಿಲ್ಲ. ಮಾತ್ರೆಯಿಂದ 10 ಪಿಪಿಎಂ ಕ್ಲೋರಿನ್ ಸೇರಿದಾಗ ಸುಮಾರು 6 ಪಿಪಿಎಂ ಸ್ಟೆಬಿಲೈಸರ್ ಸೇರುತ್ತದೆ. ದಿನಕ್ಕೆ 2 ಪಿಪಿಎಂ ಕ್ಲೋರಿನ್ ಬೇಕು ಅಂದುಕೊಳ್ಳಿ. ತಿಂಗಳಿಗೆ ಸ್ಟೆಬಿಲೈಸರ್ 36 ಪಿಪಿಎಂ ಆಯಿತು. ಫಿಲ್ಟರ್ ತೊಳೆಯುವ ಬ್ಯಾಕ್‌ವಾಶ್‌ನಲ್ಲಿ, ಮಳೆಗೆ ಉಕ್ಕಿ ಹೋಗುವ ನೀರಿನಲ್ಲಿ ಸ್ವಲ್ಪ ಕಳೆದರೂ ವರ್ಷದಲ್ಲಿ ಎಷ್ಟಾಗಿರಬೇಕು, ನೀವೇ ನೋಡಿ.

ಸ್ಟೆಬಿಲೈಸರ್ ಜಾಸ್ತಿಯಾದರೆ ಅದು ಕ್ಲೋರಿನ್ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಫ್‌ಡಿಯಲ್ಲಿಟ್ಟ ದುಡ್ಡಿನ ಹಾಗೆ. ಲೆಕ್ಕದಲ್ಲಿ ಇದೆ, ಅಂಗಡಿಗೆ ಹೋದಾಗ ಕೈಯಲ್ಲಿ ಇಲ್ಲ. ನಿಮ್ಮ ಕಿಟ್ ಹಿಡಿದಿಟ್ಟ ಕ್ಲೋರಿನ್, ಬಿಡಿಯಾಗಿರುವ ಕ್ಲೋರಿನ್ ಎರಡನ್ನೂ ಸೇರಿಸಿ 3 ಅನ್ನುತ್ತದೆ. ಪಾಚಿಯನ್ನು ಕೊಲ್ಲಲು ಸಿಗುವುದು ಅದರಲ್ಲಿ ತೀರಾ ಸ್ವಲ್ಪ.

ಮೊದಲು ಸ್ಟೆಬಿಲೈಸರ್ ಅಳೆಯಿರಿ. ತಳದ ಕಪ್ಪು ಚುಕ್ಕೆ ಮರೆಯಾಗುವ ತನಕ ಟ್ಯೂಬಿಗೆ ನೀರು ತುಂಬಿಸುವ ಕಿಟ್ ತನ್ನಿ. ನೀರಿಗೆ ಅದ್ದಿ ಬಣ್ಣ ನೋಡುವ ಪಟ್ಟಿಗಳನ್ನು ಇದಕ್ಕೆ ನಂಬಬೇಡಿ. 100 ದಾಟಿದರೆ ಪೂಲ್ ನೀರಿಗೆ ಅಷ್ಟೇ ನಲ್ಲಿ ನೀರು ಬೆರೆಸಿ ಮತ್ತೆ ಅಳೆದು, ಬಂದದ್ದನ್ನು ಎರಡರಿಂದ ಗುಣಿಸಿ.

160 ಬಂತು ಅನ್ನಿ. ನೀರು ಬದಲಿಸದೆ ಬೇರೆ ದಾರಿ ಇಲ್ಲ. ಟ್ಯಾಂಕರ್ ನೀರಿಗೆ ಎಷ್ಟು ಖರ್ಚು ಅಂತ ನನಗೂ ಗೊತ್ತು, ಹೇಳಲು ಬೇಜಾರೇ. ಆದರೆ ಸ್ಟೆಬಿಲೈಸರ್ ಕಡಿಮೆ ಮಾಡುವ ಪುಡಿ ಅಂತ ಯಾರಾದರೂ ಮಾರಲು ಬಂದರೆ ಆ ದುಡ್ಡನ್ನು ಟ್ಯಾಂಕರಿಗೇ ಕೊಡಿ. ಮುಕ್ಕಾಲು ನೀರು ತೆಗೆದು ತುಂಬಿಸಿದರೆ 160 ಇದ್ದದ್ದು 40ಕ್ಕೆ ಬರುತ್ತದೆ. ಮಳೆಗಾಲದಲ್ಲಿ ಮಾತ್ರ ಒಂದೇ ಸಲ ಅಷ್ಟು ತೆಗೆಯಬೇಡಿ. ನೆಲದೊಳಗಿನ ನೀರು ಖಾಲಿ ಪೂಲನ್ನು ಕೆಳಗಿನಿಂದ ಎತ್ತಿ ಬಿರುಕು ಬಿಡಿಸಬಹುದು. ಅರ್ಧ ತೆಗೆದು ತುಂಬಿಸಿ, ಚೆನ್ನಾಗಿ ಬೆರೆತ ಮೇಲೆ ಇನ್ನೊಮ್ಮೆ ಅರ್ಧ ತೆಗೆಯಿರಿ. ನೀರು ಜಾಸ್ತಿ ಬೇಕು, ಆದರೂ ನಾನು ಹೀಗೇ ಮಾಡುವುದು.

ಆಮೇಲೆ ಪಿಎಚ್ ಅನ್ನು 7.2ರಿಂದ 7.4ರೊಳಗೆ ತನ್ನಿ. ಕ್ಲೋರಿನ್ ಹಾಕುವ ಮೊದಲೇ ತರಬೇಕು. ಕ್ಲೋರಿನ್ 10 ದಾಟಿದ ಮೇಲೆ ಪಿಎಚ್ ಬಣ್ಣ ತಪ್ಪು ತೋರಿಸುತ್ತದೆ. ಸಂಜೆ ಬಿಸಿಲು ಇಳಿದ ಮೇಲೆ ದ್ರವ ಕ್ಲೋರಿನ್, ಅಂದರೆ ಹೈಪೋ ಹಾಕಿ. ಸ್ಟೆಬಿಲೈಸರ್‌ನ ಶೇ 40ರಷ್ಟು ಕ್ಲೋರಿನ್ ಬೇಕು. ಅದು 40 ಇದ್ದರೆ ಕ್ಲೋರಿನ್ 16. ನಿಮ್ಮ ಪೂಲಿಗೆ ಶೇ 10ರ ಹೈಪೋ ಹತ್ತು ಲೀಟರ್ ಹತ್ತಿರ ಆಗುತ್ತದೆ. ಹೈಪೋ ಹೊಸದಿರಲಿ, ಬಿಸಿಲಲ್ಲಿಟ್ಟ ಕ್ಯಾನ್ ಶಕ್ತಿ ಕಳೆದುಕೊಂಡಿರುತ್ತದೆ.

ಎಲ್ಲರೂ ತಪ್ಪುವುದು ಇಲ್ಲೇ. ಒಂದು ಸಲ ಸುರಿದು ಸುಮ್ನೆ ಮಲಗುತ್ತಾರೆ. ಪಾಚಿ ಕ್ಲೋರಿನ್ ತಿನ್ನುತ್ತಾ ಹೋಗುತ್ತದೆ. ಕೆಲವು ಗಂಟೆಗೊಮ್ಮೆ ಅಳೆದು ಮತ್ತೆ 16ಕ್ಕೆ ಏರಿಸಬೇಕು. ಪಂಪ್ ಹಗಲು ರಾತ್ರಿ ಓಡಲಿ. ಗೋಡೆ, ಮೆಟ್ಟಿಲ ಮೂಲೆ, ಏಣಿಯ ಹಿಂದೆ ಬ್ರಷ್ ಹಾಕಿ. ಹಸಿರು ಹೋಗಿ ಹಾಲು ಬೆರೆಸಿದ ಹಾಗೆ ಮಂಕಾದರೆ ಹೆದರಬೇಡಿ, ಅದು ಸತ್ತ ಪಾಚಿ. ಫಿಲ್ಟರ್ ಎಳೆದುಕೊಳ್ಳುತ್ತದೆ. ನೀರು ತಿಳಿಯಾಗಬೇಕು, ರಾತ್ರಿ ಅಳೆದದ್ದಕ್ಕೂ ಸೂರ್ಯ ಹುಟ್ಟುವ ಮೊದಲು ಅಳೆದದ್ದಕ್ಕೂ 1 ಪಿಪಿಎಂಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಆಗಲೇ ಕೆಲಸ ಮುಗಿಯಿತು. ಮುಂದೆ ಕ್ಲೋರಿನ್ ಅನ್ನು ಹೈಪೋದಿಂದಲೇ 3ರಿಂದ 5ರಲ್ಲಿ ಇಟ್ಟುಕೊಳ್ಳಿ. ಮಾತ್ರೆ ಬೇಕಾಗುವುದು ನೀವು ಊರಿಗೆ ಹೋಗುವಾಗ ಮಾತ್ರ.

ಈ ಕೆಲಸ ಮುಗಿಯುವ ತನಕ ಮಕ್ಕಳನ್ನು ನೀರಿಗೆ ಬಿಡಬೇಡಿ. ತಳದ ಡ್ರೈನ್ ಕಾಣದ ನೀರಿನಲ್ಲಿ ಮುಳುಗಿದವರೂ ಕಾಣುವುದಿಲ್ಲ. ಈ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ಇನ್ನು ಬೇರೆಯವರ ಚಿಕ್ಕ ಪ್ರಶ್ನೆಗಳು.

ತೋಟಕ್ಕೆ ತಂದ ಮೈಲುತುತ್ತ ಹಾಕಿದರೆ ಪಾಚಿ ಹೋಗುತ್ತದಂತೆ?

ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಅದರಿಂದ ಮಾಡುವ ಬೋರ್ಡೋ ದ್ರಾವಣ ಅಡಿಕೆಗೆ. ಪೂಲಿನಲ್ಲಿ ತಾಮ್ರ ಉಳಿದು ಗೋಡೆಗೆ ಕಲೆ ಕೂರುತ್ತದೆ, ನರೆಗೂದಲು ಹಸಿರಾಗುತ್ತದೆ.

ಪಟಿಕ?

ಕೊಳೆಯನ್ನು ತಳಕ್ಕೆ ಇಳಿಸುತ್ತದೆ. ಪಾಚಿಯನ್ನು ಕೊಲ್ಲುವುದಿಲ್ಲ.

ಉಪ್ಪಿನ ಪೂಲಿಗೆ ಕ್ಲೋರಿನ್ ಬೇಡ ಅಲ್ವಾ?

ಆ ಯಂತ್ರ ಉಪ್ಪಿನಿಂದ ಮಾಡುವುದೇ ಕ್ಲೋರಿನ್.

ಮಾತ್ರೆಯನ್ನೂ ಬ್ಲೀಚಿಂಗ್ ಪೌಡರ್ ಅನ್ನೂ ಒಂದೇ ಬಕೆಟ್‌ನಲ್ಲಿ ಕಲಸಬಹುದೇ?

ಖಂಡಿತ ಕೂಡದು. ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಆ್ಯಸಿಡ್ ಜೊತೆ ಸೇರಿದರೆ ವಿಷಗಾಳಿ ಏಳುತ್ತದೆ. ಮೂರಕ್ಕೂ ಬೇರೆ ಬೇರೆ ಮಗ್, ಬೇರೆ ಬೇರೆ ಜಾಗ ಇಡಿ. ಕೆಲಸದವರಿಗೂ ಇವತ್ತೇ ಹೇಳಿ.